ಪಡುವಣದ ಗೆರೆ

ಗೃಹಸ್ಥನು ಮನೆಯಿಂದ ಹೊರಡುವುದಕ್ಕೆ ಜೈನಾಚಾರದಲ್ಲಿ ಹಿಂದಿನಿಂದಲೂ ಒಂದು ಕಾರಣ ಬೇಕು. ವ್ಯಾಪಾರಕ್ಕೆ ಹೋಗಬಹುದು, ಯಾತ್ರೆಗೆ ಹೋಗಬಹುದು, ಬಂಧುಗಳ ಶುಭಕಾರ್ಯಕ್ಕೋ ದುಃಖಕ್ಕೋ ಹೋಗಬಹುದು. ಸುಮ್ಮನೆ ಹೋಗುವುದನ್ನು ಮಾತ್ರ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳ ಸಾಲಿಗೆ, ಪ್ರಮಾದಚರ್ಯೆಯ ಕೆಳಗೆ ಸೇರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಕಲಕುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡವನ್ನು ಮುರಿಯುವುದು ಇವುಗಳ ಜೊತೆಯಲ್ಲಿಯೇ ಪ್ರಯೋಜನವಿಲ್ಲದೆ ತಿರುಗುವುದೂ ಇತರರನ್ನು ತಿರುಗಿಸುವುದೂ ಅಲ್ಲಿ ಹೆಸರು ಪಡೆದಿವೆ. ಎರಡು ದಿನದ ಬಿಡುವಿನಲ್ಲಿ ಸಮುದ್ರದ ದಂಡೆಗೆ ಹೋಗಿಬರುವ ಒಂದು ಕುಟುಂಬವು ಮರಳನ್ನು ಅಗೆಯುತ್ತದೆ, ನೀರನ್ನು ಕಲಕುತ್ತದೆ, ಗೊತ್ತುಗುರಿಯಿಲ್ಲದೆ ಅಡ್ಡಾಡುತ್ತದೆ, ಮಕ್ಕಳನ್ನೂ ಅಡ್ಡಾಡಿಸುತ್ತದೆ. ಆ ಪಟ್ಟಿಯಲ್ಲಿ ಅದು ಬಿಡುವುದು ಹೆಚ್ಚೇನೂ ಇಲ್ಲ.

ಹುಬ್ಬಳ್ಳಿಯ ಒಬ್ಬ ಪ್ರೌಢಶಾಲಾ ಶಿಕ್ಷಕರಿಗೆ ಇದು ತಿಳಿಯದ ವಿಷಯವಲ್ಲ. ಪರ್ಯೂಷಣದ ಹತ್ತು ದಿನ ಬಸದಿಯಲ್ಲಿ ಶಾಸ್ತ್ರ ಓದುವವರಲ್ಲಿ ಅವರೂ ಒಬ್ಬರು. ಆದರೂ ಹೊನ್ನಾವರಕ್ಕೆ ಹೋಗಿ ಒಂದು ರಾತ್ರಿ ಇದ್ದು ಬರಬೇಕೆಂಬ ಯೋಚನೆ ಅವರ ಮನೆಯಲ್ಲಿ ಎರಡು ವರ್ಷಗಳಿಂದ ಇತ್ತು. ಅದಕ್ಕೆ ಮೂಲ ಅವರ ಪತ್ನಿ. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಆಕೆ ಯಾತ್ರೆಗಲ್ಲದೆ ಬೇರೆ ಕಾರಣಕ್ಕೆ ಊರು ಬಿಟ್ಟವರಲ್ಲ. ಯಾತ್ರೆಯೆಂದರೆ ಗಂಡಸರಿಗೆ ದರ್ಶನ, ಅಭಿಷೇಕ, ಬೆಟ್ಟ ಹತ್ತುವುದು. ಹೆಂಗಸರಿಗೆ ಇವುಗಳ ಜೊತೆಗೆ ಧರ್ಮಶಾಲೆಯ ಹಿತ್ತಲಿನಲ್ಲಿ ಒಲೆ ಹೂಡುವುದು, ನೀರು ಸೋಸುವುದು, ಸೂರ್ಯಾಸ್ತಕ್ಕೆ ಮೊದಲು ಇಡೀ ಬಸ್ಸಿಗೆ ಉಣಬಡಿಸುವುದು. ಇದನ್ನು ಯಾರೂ ಬರೆದಿಡುವುದಿಲ್ಲ. ಅಡುಗೆ ಮಾಡದೆ ಎರಡು ದಿನ ಕುಳಿತುಕೊಳ್ಳಬೇಕು, ಕಣ್ಣ ಮುಂದೆ ಗದ್ದಲವಿಲ್ಲದ ಏನಾದರೂ ಇರಬೇಕು ಎಂದು ಆಕೆ ಒಮ್ಮೆ ಹೇಳಿದ್ದರು. ದಣಿದವರ ವಿಶ್ರಾಂತಿಯು ಪ್ರಯೋಜನವೋ ಪ್ರಮಾದವೋ ಎಂಬ ಪ್ರಶ್ನೆಯನ್ನು ಶಿಕ್ಷಕರು ತಮ್ಮಲ್ಲಿಯೇ ತೀರ್ಮಾನಿಸಿಕೊಂಡರು.

ಚಾತುರ್ಮಾಸದಲ್ಲಿ ಪ್ರಯಾಣ ಬೇಡವೆಂದು ಮಳೆಗಾಲವನ್ನು ಕಳೆದರು. ಫೆಬ್ರವರಿಯ ಎರಡನೆಯ ಶನಿವಾರ ಮತ್ತು ಮರುದಿನದ ಭಾನುವಾರ ಅಷ್ಟಮಿ ಚತುರ್ದಶಿಗಳ ಗೊಡವೆಯಿಲ್ಲದೆ ದೊರಕಿದವು. ಹೊನ್ನಾವರದಲ್ಲಿ ಒಂದು ಸಾಧಾರಣ ವಸತಿಗೃಹಕ್ಕೆ ಮುಂಗಡ ಕಳುಹಿಸಿದರು. ಅಲ್ಲಿಂದ ಸ್ವಲ್ಪ ದೂರದ ಒಂದು ಸಸ್ಯಾಹಾರಿ ಖಾನಾವಳಿಗೆ ಫೋನು ಮಾಡಿ, ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲದ ಅಡುಗೆಯನ್ನು ಸಂಜೆ ಐದು ಗಂಟೆಗೆ ಬಡಿಸಲಾಗುವುದೇ ಎಂದು ಕೇಳಿದರು. ಆ ದಿನಗಳಲ್ಲಿ ಕರಾವಳಿಯ ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ. ಅದಕ್ಕೆ ಎರಡು ಘಳಿಗೆ, ಅಂದರೆ ನಲವತ್ತೆಂಟು ನಿಮಿಷ ಮೊದಲೇ ಊಟ ಮುಗಿಯಬೇಕು. ಖಾನಾವಳಿಯವರು ಕಾರಣವನ್ನೂ ಕೇಳದೆ ಒಪ್ಪಿದರು.

ಸಮೀಪದ ಕ್ಷೇತ್ರವೊಂದರ ಯಾತ್ರಿನಿವಾಸದಲ್ಲಿ ಕೋಣೆ ಹಿಡಿದರೆ ಖರ್ಚು ಅರ್ಧಕ್ಕೆ ಇಳಿಯುತ್ತಿತ್ತೆಂದು ಬಂಧುಗಳು ಸೂಚಿಸಿದ್ದರು. ಯಾತ್ರಿಕರೆಂದು ಪುಸ್ತಕದಲ್ಲಿ ಬರೆಸಿ, ಒಮ್ಮೆ ಕೈಮುಗಿದು, ಉಳಿದ ಹೊತ್ತನ್ನೆಲ್ಲ ಬೇರೆಡೆ ಕಳೆಯುವವರು ಈಚೆಗೆ ಕಡಿಮೆಯಿಲ್ಲ; ವಿಶ್ವಸ್ತ ಮಂಡಲಿಗಳು ಇದನ್ನು ಬಲ್ಲವು, ಸಂಕೋಚದಿಂದ ಸುಮ್ಮನಿರುತ್ತವೆ. ಶಿಕ್ಷಕರು ಆ ಸೂಚನೆಯನ್ನು ಒಪ್ಪಲಿಲ್ಲ. ಮರಳುವಾಗ ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಹೋಗಿಬರುವುದೆಂದು ಮಾತ್ರ ನಿಶ್ಚಯಿಸಿದರು. ಕಾಳುಮೆಣಸಿನ ರಾಣಿಯೆಂದು ಪೋರ್ತುಗೀಸರಿಂದ ಕರೆಸಿಕೊಂಡ ಚೆನ್ನಭೈರಾದೇವಿಯ ರಾಜಧಾನಿಯಾಗಿದ್ದ ಊರು ಅದು. ಶರಾವತಿಯ ದಡದ ಕಾಡಿನ ನಡುವೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲುಗಳನ್ನು ತೆರೆದು ನಿಂತಿರುವ ಆ ಕಲ್ಲಿನ ಕಟ್ಟಡವನ್ನು ಕಂಡ ಹುಬ್ಬಳ್ಳಿಯ ಜೈನರು ಬಹಳ ಜನರಿಲ್ಲ.

ಇಷ್ಟೆಲ್ಲ ಸಿದ್ಧವಾದ ಮೇಲೆ ಶಿಕ್ಷಕರ ತಾಯಿ ಒಂದು ಸಂಜೆ, ತನ್ನನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಹೇಳಿದರು.

ಆಕೆಗೆ ಈಗ ಎಪ್ಪತ್ತೆಂಟು. ಸಮುದ್ರವನ್ನು ನೋಡಿದವರಲ್ಲ. ಧರ್ಮಸ್ಥಳದಲ್ಲಿ ಬಾಹುಬಲಿಯ ಪ್ರತಿಷ್ಠೆಯಾದ 1982ರಲ್ಲಿ ಪತಿಯೊಡನೆ ಯಾತ್ರೆಯ ಬಸ್ಸಿನಲ್ಲಿ ಧರ್ಮಸ್ಥಳ, ವೇಣೂರು, ಕಾರ್ಕಳ, ಮೂಡುಬಿದಿರೆಗಳನ್ನು ಮುಗಿಸಿಕೊಂಡು ಬಂದಿದ್ದರು. ಮಂಗಳೂರನ್ನು ಬಸ್ಸು ದಾಟಿದ್ದು ನಡುರಾತ್ರಿಯಲ್ಲಿ. ಪತಿಯು ಕಿಟಕಿಯ ಕಡೆ ಕೈತೋರಿಸಿ, ಅಲ್ಲಿ ಸಮುದ್ರವಿದೆ ಎಂದಿದ್ದರಂತೆ. ಕತ್ತಲೆಯಲ್ಲಿ ಏನೂ ಕಾಣಲಿಲ್ಲವಂತೆ. ಮುಂದೊಮ್ಮೆ ಹಗಲಿನಲ್ಲಿ ತೋರಿಸುತ್ತೇನೆಂದು ಅವರು ಹೇಳಿದ ಮಾತು ಹಾಗೆಯೇ ಉಳಿಯಿತು. 2001ರಲ್ಲಿ ಅವರು ತೀರಿಕೊಂಡರು. ಮೊಮ್ಮಕ್ಕಳಿಗೆ ಈ ಕತೆ ಬಾಯಿಪಾಠವಾಗಿತ್ತು. ಹೊನ್ನಾವರದ ಯೋಜನೆಯಲ್ಲಿ ಆಯಿಗೆ ಸಮುದ್ರ ತೋರಿಸುವುದು ಸೊಸೆಯ ವಿಶ್ರಾಂತಿಯಷ್ಟೇ ಮುಖ್ಯವಾದ ಅಂಗವಾಗಿಬಿಟ್ಟಿತ್ತು.

ಆದರೆ ಆಕೆ ಶ್ರವಣಬೆಳಗೊಳದ 1993ರ ಮಹಾಮಸ್ತಕಾಭಿಷೇಕವನ್ನು ನೋಡಿ ಬಂದ ಮರುವರ್ಷ, ತಮ್ಮ ತವರಿನಲ್ಲಿ ಚಾತುರ್ಮಾಸ ನಿಂತಿದ್ದ ಮುನಿಗಳ ಪಾದಮೂಲದಲ್ಲಿ ಶ್ರಾವಕವ್ರತಗಳನ್ನು ಸ್ವೀಕರಿಸಿದ್ದರು. ಅದರಲ್ಲಿ ದಿಗ್ವ್ರತವೂ ಒಂದು. ಹತ್ತು ದಿಕ್ಕುಗಳಲ್ಲಿಯೂ ಇಷ್ಟೇ ಎಂದು ಎಲ್ಲೆ ಕಟ್ಟಿಕೊಂಡು ಅದರಾಚೆಗೆ ಜೀವನಪರ್ಯಂತ ಹೋಗದಿರುವ ವ್ರತ. ಎಲ್ಲೆಯ ಆಚೆಗಿನ ಸ್ಥೂಲ ಸೂಕ್ಷ್ಮ ಹಿಂಸೆಗಳೆಲ್ಲದರಿಂದಲೂ ಅಷ್ಟರಮಟ್ಟಿಗೆ ಬಿಡುಗಡೆ ಪಡೆಯುವುದು ಅದರ ತಾತ್ಪರ್ಯ. ಎಲ್ಲರಿಗೂ ಗೊತ್ತಿರುವ ಗುರುತುಗಳೇ ಮೇರೆಯಾಗಬೇಕೆಂದು ಶಾಸ್ತ್ರವು ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನಗಳನ್ನು ಹೇಳುತ್ತದೆ. ಪೂರ್ವಕ್ಕೆ ಸಮ್ಮೇದ ಶಿಖರ, ಉತ್ತರಕ್ಕೆ ಹಸ್ತಿನಾಪುರ, ದಕ್ಷಿಣಕ್ಕೆ ಬೆಳಗೊಳ ಎಂದು ಆಕೆ ಹೇಳಿದ್ದು ಚೆನ್ನಾಗಿ ನೆನಪಿತ್ತು. ಪಡುವಲಿಗೆ ಏನು ಹೇಳಿದರೆಂಬುದು ಮಾತ್ರ ಮಸುಕಾಗಿತ್ತು. ಘಟ್ಟವೆಂದು ಹೇಳಿದೆನೋ, ಸಮುದ್ರವೆಂದು ಹೇಳಿದೆನೋ! ಘಟ್ಟದ ಕೆಳಗೆ ತನ್ನವರು ಯಾರೂ ಇಲ್ಲ, ಅಲ್ಲಿಯ ಕ್ಷೇತ್ರಗಳ ದರ್ಶನವೂ ಆಗಿದೆ ಎಂದು ಅಂದು ಯೋಚಿಸಿದ ನೆನಪಿತ್ತು. ಯೋಚಿಸಿದ್ದನ್ನೇ ಹೇಳಿದರೋ ಇಲ್ಲವೋ ತಿಳಿಯದು.

ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನು ಇದಕ್ಕೆ ತಕ್ಷಣ ಪರಿಹಾರ ಹುಡುಕಿದನು. ಸಮ್ಮೇದ ಶಿಖರಕ್ಕೆ ಆಯಿ ಎರಡು ಸಾರಿ ಹೋಗಿ ಬಂದಾಗಿದೆ, ಇನ್ನು ಹೋಗುವ ಶಕ್ತಿಯೂ ಇಲ್ಲ. ಪೂರ್ವದಲ್ಲಿ ನೂರು ಕಿಲೋಮೀಟರು ಕಡಿಮೆ ಮಾಡಿ ಪಶ್ಚಿಮಕ್ಕೆ ಸೇರಿಸಿದರೆ ಒಟ್ಟು ಮೊತ್ತ ಅಷ್ಟೇ ಉಳಿಯುವುದಲ್ಲವೇ ಎಂದನು. ಶಿಕ್ಷಕರಿಗೆ ನಗು ಬಂತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ದಿಗ್ವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕ್ಷೇತ್ರವೃದ್ಧಿ ಎಂದು ಹೇಳಿರುವುದು ಇಂತಹ ಲೆಕ್ಕವನ್ನೇ ಎಂದು ಮಗನಿಗೆ ತಿಳಿಸಿದರು. ಇಷ್ಟು ಹಿಂದೆಯೇ ತನ್ನ ಉಪಾಯವನ್ನು ಯಾರೋ ಊಹಿಸಿ ಮುಚ್ಚಿಹಾಕಿದ್ದರೆಂಬುದು ಹುಡುಗನಿಗೆ ಆಶ್ಚರ್ಯವನ್ನೇ ಉಂಟುಮಾಡಿತು.

ಅದೇ ಐದರಲ್ಲಿ ಕೊನೆಯದು ಸ್ಮೃತ್ಯಂತರಾಧಾನ, ಕಟ್ಟಿಕೊಂಡ ಎಲ್ಲೆಯನ್ನು ಮರೆಯುವುದು. ಮರೆವೂ ದೋಷವೇ ಎಂಬುದು ಮೊದಲು ಕೇಳುವವರಿಗೆ ಕಠೋರವಾಗಿ ತೋರಬಹುದು. ಶಿಕ್ಷಕರು ಬಸದಿಯ ಪಂಡಿತರನ್ನು ವಿಚಾರಿಸಿದಾಗ ಅವರು ವ್ಯಾಖ್ಯಾನಗಳಲ್ಲಿ ಬರುವ ಉದಾಹರಣೆಯೊಂದನ್ನು ಕೊಟ್ಟರು. ನೂರು ಯೋಜನದ ಎಲ್ಲೆ ಕಟ್ಟಿದವನಿಗೆ ಹೊರಡುವ ಹೊತ್ತಿನಲ್ಲಿ ನೂರೋ ಐವತ್ತೋ ಎಂಬ ಸಂದೇಹ ಬಂದರೆ, ಐವತ್ತನ್ನು ದಾಟಿದಾಗಲೇ ಅತಿಚಾರ. ನೂರನ್ನು ದಾಟಿದರೆ ಭಂಗ. ಸಂದೇಹದ ಲಾಭವು ವ್ರತಕ್ಕೆ ಸಲ್ಲುತ್ತದೆ, ವ್ರತಿಗೆ ಸಲ್ಲುವುದಿಲ್ಲ. ನ್ಯಾಯಾಲಯದ ಪದ್ಧತಿಗೆ ಇದು ಸರಿಯಾಗಿ ತಿರುಗುಮುರುಗು.

ಹೀಗಾಗಿ ಉಳಿದಿದ್ದು ಒಂದೇ ದಾರಿ. ವ್ರತ ತೆಗೆದುಕೊಂಡ ದಿನ ಪತಿಯು ಎಲ್ಲವನ್ನೂ ಒಂದು ಸಣ್ಣ ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದರೆಂದು ತಾಯಿಗೆ ನೆನಪಿತ್ತು. ಅದು ಸಿಕ್ಕಿ, ಅದರಲ್ಲಿ ಸಮುದ್ರವೆಂದಿದ್ದರೆ ಎಲ್ಲವೂ ಸುಗಮ. ಶಿಕ್ಷಕರು ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಟ್ಟದ ಮೇಲಿದ್ದ ತಂದೆಯ ಟ್ರಂಕನ್ನು ಇಳಿಸಿದರು. ಅಂಗಡಿಯ ಹಳೆಯ ರಸೀತಿಗಳು, ಪಂಚಕಲ್ಯಾಣ ಮಹೋತ್ಸವಗಳ ಆಮಂತ್ರಣ ಪತ್ರಿಕೆಗಳು, ಒಂದು ಕನ್ನಡಕದ ಡಬ್ಬಿ, ಅದರ ಕೆಳಗೆ ಹಸಿರು ರಟ್ಟಿನ ನೋಟುಪುಸ್ತಕ. ತಂದೆಯ ಅಕ್ಷರ ಅಷ್ಟೇನೂ ಮಾಸಿರಲಿಲ್ಲ. ಪಡುವಲು, ಘಟ್ಟದ ಅಂಚು, ಸ್ವಾದಿ ಸಹಿತ ಎಂದಿತ್ತು.

ಆ ಪುಟವನ್ನು ಹಿಡಿದುಕೊಂಡು ಅವರು ಬಹಳ ಹೊತ್ತು ಕುಳಿತರು. ತಾಯಿಯ ಎರಡೂ ಕಣ್ಣುಗಳಲ್ಲಿ ಪೊರೆಯ ಶಸ್ತ್ರಕ್ರಿಯೆಯಾಗಿದ್ದರೂ ಸಣ್ಣ ಅಕ್ಷರ ಓದಲಾಗದು. ಮಗ ಓದಿ ಹೇಳಿದ್ದನ್ನು ನಂಬುವರು. ಸಮುದ್ರವೆಂದು ಓದಿದರೆ ಆಕೆಗೆ ಸಂತೋಷ, ಮೊಮ್ಮಕ್ಕಳಿಗೆ ಸಂತೋಷ, ಎಂದೋ ತೀರಿಕೊಂಡ ತಂದೆಯ ಮಾತೂ ನಡೆದಂತೆ. ಆಕೆಗೆ ಎಲ್ಲೆ ದಾಟಿದ ಅರಿವು ಇರುವುದಿಲ್ಲವಾದ್ದರಿಂದ ಭಂಗದ ಭಾವವೂ ಇರುವುದಿಲ್ಲ. ದೋಷವೆಲ್ಲ ಸುಳ್ಳು ಹೇಳಿದವನದು, ಅದನ್ನು ಹೊರಲು ಸಿದ್ಧ ಎಂದೂ ಒಂದು ಗಳಿಗೆ ಅನ್ನಿಸಿತು. ಒಳ್ಳೆಯ ಮಕ್ಕಳಿಗೆ ಬರುವ ಆಲೋಚನೆಯೇ ಇದು, ಅದಕ್ಕಾಗಿಯೇ ಅಪಾಯದ್ದು. ಮೂವತ್ತು ವರ್ಷ ಒಬ್ಬಾಕೆ ತನ್ನದೆಂದು ಕಾಯ್ದುಕೊಂಡು ಬಂದ ಒಂದು ವಸ್ತುವನ್ನು, ಆಕೆಯ ಸಂತೋಷದ ಹೆಸರಿನಲ್ಲಿ, ಆಕೆಗೆ ತಿಳಿಯದಂತೆ ತೆಗೆದುಬಿಡುವುದಕ್ಕೆ ಬೇರೆ ಸಂದರ್ಭದಲ್ಲಿ ಒಂದು ಹೆಸರಿದೆ. ಅದು ಮೂರನೆಯ ಅಣುವ್ರತಕ್ಕೆ ಸಂಬಂಧಿಸಿದ್ದು.

ಬೆಳಿಗ್ಗೆ ತಾಯಿ ಪೂಜೆ ಮುಗಿಸಿ ಬಂದಾಗ ಇದ್ದದ್ದನ್ನು ಇದ್ದಂತೆಯೇ ಓದಿ ಹೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನೋಟುಪುಸ್ತಕವನ್ನು ಕೈಗೆ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಾಡಿಸಿದರು. ಮುಖದಲ್ಲಿ ನಿರಾಶೆಗಿಂತ ಹೆಚ್ಚಾಗಿ ಕಳೆದುಹೋದ ಒಡವೆ ಸಿಕ್ಕಿದವರ ಸಮಾಧಾನವಿತ್ತೆಂದು ಸೊಸೆ ಆಮೇಲೆ ಹೇಳಿದರು.

ಹೊನ್ನಾವರವೇ ಬೇಡ, ಎಲ್ಲರೂ ಮನೆಯಲ್ಲಿಯೇ ಇರೋಣವೆಂದು ಶಿಕ್ಷಕರು ಹೇಳಿದಾಗ ತಾಯಿಗೆ ಕೋಪ ಬಂತು. "ನನ್ನ ಗೆರೆ ನನಗ ಇರಲಿ. ಅದನ್ನ ನಿಮ್ಮ ಕಾಲಿಗ್ಯಾಕ ಕಟ್ಟತೀರಿ? ಅಕೀಗೆ ಎರಡು ದಿನ ಕೂಡಸ್ತೇನಿ ಅಂತ ಮಾತು ಕೊಟ್ಟೀಯಲ್ಲ, ಅದನ್ನ ನಡಸು" ಎಂದರು. ವ್ರತಿಗಳಾದ ಹಿರಿಯರಿರುವ ಮನೆಗಳಲ್ಲಿ ಇಂತಹ ಮಾತು ಅಪರೂಪ. ಹಿರಿಯರ ನಿಯಮವು ಮೆಲ್ಲಗೆ ಎಲ್ಲರ ನಿಯಮವಾಗಿ, ಅದನ್ನು ಸ್ವೀಕರಿಸದವರಿಗೆ ಪುಣ್ಯವಿಲ್ಲದ ಬರಿಯ ನಿರ್ಬಂಧವಾಗಿ ಪರಿಣಮಿಸುವುದೇ ಹೆಚ್ಚು.

ನೋಟುಪುಸ್ತಕದ 'ಸ್ವಾದಿ ಸಹಿತ' ಎಂಬ ಎರಡು ಪದಗಳು ಯೋಜನೆಯನ್ನು ಉಳಿಸಿದವು. ಸ್ವಾದಿ, ಎಂದರೆ ಶಿರಸಿಯ ಸಮೀಪದ ಸೋಂದೆ, ಘಟ್ಟದ ಮೇಲಿದೆ. ವಾದಿರಾಜರ ಮಠ, ಸ್ವರ್ಣವಲ್ಲಿ ಮಠ, ದಿಗಂಬರ ಜೈನ ಮಠ ಮೂರೂ ಆ ಒಂದೇ ಸೀಮೆಯಲ್ಲಿವೆ. ಅಲ್ಲಿ ದೂರದ ಬಂಧುಗಳ ಮನೆಯೊಂದಿತ್ತು. ತಾಯಿ ಅಲ್ಲಿ ಉಳಿಯುವುದು, ಬಸದಿಯ ದರ್ಶನ ಮಾಡುವುದು; ಮಗ, ಸೊಸೆ, ಮೊಮ್ಮಗ ಮೂವರು ದೇವಿಮನೆ ಘಟ್ಟವಿಳಿದು ಕುಮಟೆಯ ಮೇಲೆ ಹೊನ್ನಾವರಕ್ಕೆ ಹೋಗಿಬರುವುದು. ಹನ್ನೆರಡು ವರ್ಷದ ಮೊಮ್ಮಗಳು ಕೊನೆಯ ಗಳಿಗೆಯಲ್ಲಿ ತಾನೂ ಆಯಿಯೊಡನೆ ನಿಲ್ಲುವೆನೆಂದು ಇಳಿದುಬಿಟ್ಟಳು. ಯಾರೂ ಅವಳನ್ನು ಒತ್ತಾಯಿಸಲಿಲ್ಲ.

ಶನಿವಾರ ಸಂಜೆ ಐದೂ ಮುಕ್ಕಾಲರೊಳಗೆ ಮೂವರ ಊಟ ಮುಗಿದಿತ್ತು. ನೀರನ್ನು ಸೋಸಿ ತುಂಬಿದವರು, ಸೋಸಿದ ಬಟ್ಟೆಯನ್ನು ಸೇದಿದ ಬಾವಿಯ ನೀರಿನಲ್ಲಿಯೇ ತೊಳೆದವರು ಶಿಕ್ಷಕರು. ಮೊದಲ ಸಲ ಮಾಡಿದವರ ಕೈಯಲ್ಲಿ ಅದು ಅರ್ಧ ಗಂಟೆ ಹಿಡಿಯಿತು. ಪತ್ನಿ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದರು, ಏಳಲಿಲ್ಲ. ಅಲ್ಲಿಂದ ಶರಾವತಿಯ ಸೇತುವೆ ದಾಟಿ ಕಾಸರಕೋಡಿನ ದಂಡೆಗೆ ಹೋದರು. ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲ್ವೆಯ ಸೇತುವೆಯ ಮೇಲೆ ಒಂದು ರೈಲು ಹೋಗುತ್ತಿತ್ತು. ದಾರಿಯಲ್ಲಿ ಒಂದೆಡೆ ಮೀನು ಒಣಹಾಕಿದ್ದರು. ಶಿಕ್ಷಕರ ಪತ್ನಿ ಅಭ್ಯಾಸಬಲದಿಂದ ಸೆರಗನ್ನು ಮೂಗಿಗೆ ಹಿಡಿದರು. ಒಣಮೀನನ್ನು ತಿರುವಿಹಾಕುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ಇವರನ್ನು ನೋಡಿದಳು. ಬಿಸಿಲಿಗೆ ಬಾಗಿ ಬೆನ್ನು ಸೋತ ಹೆಂಗಸು. ಇವರು ಸೆರಗನ್ನು ಇಳಿಸಿದರು. ಉಸಿರನ್ನು ಬಿಗಿಹಿಡಿದೇ ಅಷ್ಟು ದೂರ ನಡೆದರು.

ದಂಡೆಯು ಶಾಂತವಾಗಿತ್ತು. ನೀರು ಹಿಂದೆಗೆದ ಹಸಿಮರಳಿನ ಮೇಲೆ ಸಾಸಿವೆಯಂತಹ ಮರಳುಂಡೆಗಳನ್ನು ಉರುಳಿಸಿಟ್ಟು ಸಣ್ಣ ಏಡಿಗಳು ಬಿಲಗಳೊಳಗೆ ನುಸುಳುತ್ತಿದ್ದವು. ಒಂದು ಹೆಜ್ಜೆ ಇಡಲೂ ಜಾಗವಿಲ್ಲದಷ್ಟು ಬಿಲಗಳು. ಈರ್ಯಾಸಮಿತಿ ಮುನಿಗಳಿಗೆ ಹೇಳಿದ್ದು, ಗೃಹಸ್ಥನಿಗೆ ಅಷ್ಟು ಬಿಗಿಯಿಲ್ಲ ಎಂಬುದು ಶಿಕ್ಷಕರಿಗೆ ತಿಳಿದಿತ್ತಾದರೂ ಕಣ್ಣಿಗೆ ಕಂಡ ಮೇಲೆ ಕಾಲು ಮುಂದೆ ಹೋಗಲಿಲ್ಲ. ಮೂವರೂ ಒಣಮರಳಿನ ಅಂಚಿನಲ್ಲಿಯೇ ಕುಳಿತರು. ಪತ್ನಿ ಒಂದು ಗಂಟೆ ಏನೂ ಮಾತನಾಡಲಿಲ್ಲ. ಅದಕ್ಕಾಗಿಯೇ ಬಂದದ್ದು.

ಸೂರ್ಯನು ನೀರಿಗೆ ಸಮೀಪಿಸಿದಾಗ ಮೊಮ್ಮಗನು ಸೋಂದೆಗೆ ಮೊಬೈಲಿನಲ್ಲಿ ಕರೆ ಮಾಡಿ, ಆಯಿಗೆ ಪರದೆಯ ಮೇಲೆ ಸಮುದ್ರ ತೋರಿಸಬೇಕೆಂದು ತಂಗಿಗೆ ಹೇಳಿದನು. ಆಚೆಯಿಂದ ಬಂದ ಉತ್ತರವು ಅವನು ನಿರೀಕ್ಷಿಸಿದ್ದಲ್ಲ. ಆಯಿ ಆ ದಿನ ದರ್ಶನ ಮಾಡಿ ಬಂದು, ಮರುದಿನದ ಸೂರ್ಯೋದಯದವರೆಗೆ ಆ ಮನೆ ಮತ್ತು ಬಸದಿ ಇವೆರಡನ್ನೇ ಮೇರೆಯಾಗಿಟ್ಟು ದೇಶಾವಕಾಶಿಕವನ್ನು ಹಿಡಿದಿದ್ದರು. ಮೇರೆಯ ಆಚೆಯಿಂದ ವಸ್ತುವನ್ನು ತರಿಸುವುದು ಹೇಗೆ ಅದರ ಅತಿಚಾರವೋ ಹಾಗೆಯೇ ಆಚೆಯವರನ್ನು ಧ್ವನಿಯಿಂದ ಎಚ್ಚರಿಸುವುದು ಶಬ್ದಾನುಪಾತ, ರೂಪವನ್ನು ತೋರಿಸುವುದು ರೂಪಾನುಪಾತ. ಸಮುದ್ರವನ್ನು ನೀವು ನೋಡುವುದಷ್ಟೇ ಎಂದು ಮೊಮ್ಮಗನು ವಾದಿಸಿದನು. ಅದರಲ್ಲಿ ತನ್ನ ಮುಖವೂ ಅಲ್ಲಿಗೆ ಹೋಗುವುದಂತಲ್ಲ ಎಂದು ಆಕೆ ಮೊಮ್ಮಗಳ ಬಾಯಲ್ಲಿ ಹೇಳಿಸಿದರು. ಹೇಳಿಸುವುದೂ ಶಬ್ದವೇ ಅಲ್ಲವೇ ಎಂದು ಹುಡುಗನು ಕೇಳುವಷ್ಟರಲ್ಲಿ ಕರೆ ನಿಂತುಹೋಯಿತು. ಸೂರ್ಯನೂ ಮುಳುಗಿದನು.

ಭಾನುವಾರ ಬೆಳಿಗ್ಗೆ ಏಳು ಗಂಟೆ ದಾಟಿದ ಮೇಲೆ, ಅವಧಿ ಮುಗಿದುದನ್ನು ಖಚಿತಪಡಿಸಿಕೊಂಡು, ಸೋಂದೆಯಿಂದಲೇ ಕರೆ ಬಂದಿತು. ಗೇರುಸೊಪ್ಪೆಗೆ ಹೊರಡುವ ಮುನ್ನ ಮೂವರೂ ಮತ್ತೊಮ್ಮೆ ದಂಡೆಯಲ್ಲಿದ್ದರು. ಬೆಳಕು ಬೆನ್ನ ಹಿಂದಿನಿಂದ ಬಂದು ನೀರು ದೂರದವರೆಗೂ ನಿಚ್ಚಳವಾಗಿ ಕಾಣುತ್ತಿತ್ತು. ಮೊಮ್ಮಗನು ಮೊಬೈಲನ್ನು ಎರಡೂ ಕೈಗಳಿಂದ ಹಿಡಿದು ಎಡದಿಂದ ಬಲಕ್ಕೆ ಮೆಲ್ಲಗೆ ತಿರುಗಿಸಿದನು. ಪರದೆಯ ಮೂಲೆಯಲ್ಲಿ ಆಯಿಯ ಕನ್ನಡಕ ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಆಕೆ ಬಹಳ ಹೊತ್ತು ನೋಡಿದರು. ಇದು ಎಲ್ಲಿಯವರೆಗೆ ಇದೆ ಎಂದು ಕೇಳಿದರು. ಆಚೆ ಅರಬಸ್ಥಾನದವರೆಗೆ ಎಂದು ಶಿಕ್ಷಕರು ಹೇಳಿದರು. ಕುಡಿಯಲು ಬರುವುದಿಲ್ಲ ಎನ್ನುವುದು ನಿಜವೇ ಎಂದರು. ನಿಜವೆಂದರು. ಅಪ್ಪಾಜಿ ರಾತ್ರಿ ತೋರಿಸಿದ್ದು ಇದೇ ಏನು ಎಂದರು. ಇದೇ ಎಂದು ಹೇಳುವಾಗ ಶಿಕ್ಷಕರ ಗಂಟಲು ಕಟ್ಟಿತು.

ಎಪ್ಪತ್ತು ವರ್ಷಗಳಿಂದ ದಿನವೂ ಕೊಡಕ್ಕೆ ಬಟ್ಟೆ ಕಟ್ಟಿ ನೀರು ಸೋಸುತ್ತ ಬಂದಿರುವ ಆಕೆ ಇನ್ನೊಮ್ಮೆ ಪರದೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು.

"ಅಯ್ಯ, ಇಷ್ಟು ನೀರನ್ನ ಯಾರು ಸೋಸ್ತಾರ?" ಎಂದರು.